ಕೊಂಡ ಆಟ ಯಾರದು?

(ಗ್ರಂಥಾಲಯವೊಂದರಲ್ಲಿ ಓದುಗರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಸಂಸ್ಕೃತಿ, ಚರಿತ್ರೆಗಳ ಮಾತು ಕೇಳಲು ಬಂದವರ ಮುಂದೆ ವಿಡಿಯೋ ಗೇಮ್ ವಿಷಯ ಎತ್ತಿದರೆ ‘ಇದೇನು ಮಕ್ಕಳಾಟ’ ಎನ್ನಿಸಬಹುದು. ನಮ್ಮ ಮನೆಯ ಹಜಾರದಲ್ಲಿ ಅಕ್ಕನ ಮಗನೂ ಅವನ ಗೆಳೆಯರಿಬ್ಬರೂ ಮಾಡುತ್ತಿದ್ದ ವಾದವನ್ನು ಕಿವಿಗೊಟ್ಟು ಕೇಳುವವರೆಗೂ ನನಗೂ ಹಾಗೇ ಅನ್ನಿಸುತ್ತಿತ್ತು. ಟಿ.ವಿ.ಗೆ ಜೋಡಿಸಿ ಆಡುವ ಯಂತ್ರಕ್ಕೆ ಅವರು ಕನ್ಸೋಲ್ ಎನ್ನುತ್ತಾರೆ. ಅದಕ್ಕೊಂದು ಹೊಸ ಆಟ ಕೊಳ್ಳುವ ಮಾತು ನಡೆದಿತ್ತು. “ಡಿಸ್ಕ್ ಯಾಕೋ, ಡೌನ್‌ಲೋಡ್ ಮಾಡ್ಕೊಂಡ್ರೆ ಆಯ್ತಲ್ಲ” ಎಂದ ಒಬ್ಬ. “ನಾಳೆ ಅಂಗಡೀನೇ ಬಾಗ್ಲು ಹಾಕಿದ್ರೆ ಏನೋ ಮಾಡ್ತೀಯ?” ಎಂದ ಇನ್ನೊಬ್ಬ. “ಇರೋ ಆಟಕ್ಕೇ ಜಾಗ ಇಲ್ಲ, ಯಾವ್ದನ್ನ ಅಳಿಸ್ಲಿ ಹೇಳ್ರೋ” ಎಂದು ನಮ್ಮ ಹುಡುಗ ತಲೆ ಕೆರೆದುಕೊಂಡ.

ಮೇಲ್ನೋಟಕ್ಕೆ ಇವು ಮೂರು ಬೇರೆ ಬೇರೆ ಮಾತುಗಳು. ಆದರೆ ಮೂರರ ಬುಡದಲ್ಲಿಯೂ ಇರುವ ಪ್ರಶ್ನೆ ಒಂದೇ: ದುಡ್ಡು ಕೊಟ್ಟು ಕೊಂಡದ್ದು ನಿಜವಾಗಿಯೂ ಕೊಂಡವನದೇ? ಜಗತ್ತಿನ ಉದ್ದಗಲಕ್ಕೂ ಈ ಆಟಗಳ ಅಭಿಮಾನಿಗಳು ಇಂದು ಇದೇ ಪ್ರಶ್ನೆಯನ್ನು ಹಿಡಿದು ಜಗಳವಾಡುತ್ತಿದ್ದಾರೆ. ಅವರ ಜಗಳದಲ್ಲಿ ನಮ್ಮಂಥ ಪುಸ್ತಕಪ್ರಿಯರಿಗೂ ಒಂದು ಪಾಠವಿದೆ.

ಆಟಗಳಲ್ಲಿ ಹಲವು ಬಗೆ. ಕಾರು ಓಡಿಸುವ, ಗುಂಡು ಹಾರಿಸುವ ಆಟಗಳಲ್ಲಿ ಕೈಚಳಕ ಮುಖ್ಯ. ‘ಅಡ್ವೆಂಚರ್’ ಎಂಬ ಬಗೆಯಲ್ಲಿ ಮುಖ್ಯವಾದದ್ದು ಕಥೆ. ಆಟಗಾರನೇ ಕಥಾನಾಯಕ. ಅಲ್ಲಲ್ಲಿ ಒಗಟು, ಬೀಗ ಹಾಕಿದ ಬಾಗಿಲು, ಮಾತನಾಡಿಸಬೇಕಾದ ಪಾತ್ರಗಳು. ಕಾದಂಬರಿಯಂತೆ ಇದನ್ನೂ ಒಂದೇ ಕೂರಿಕೆಯಲ್ಲಿ ಮುಗಿಸಲಾಗದು. ಪುಸ್ತಕದಲ್ಲಿ ಓದಿದ ಜಾಗಕ್ಕೆ ಗುರುತು ಇಡುವಂತೆ ಇಲ್ಲಿಯೂ ಆಡಿದಷ್ಟನ್ನು ಎಲ್ಲಾದರೂ ಉಳಿಸಿಡಬೇಕು. ಹಾಗಾಗಿ ‘ಎಲ್ಲಿ ಉಳಿಸುವುದು, ಅದು ಯಾರ ಬಳಿ ಇರುತ್ತದೆ’ ಎಂಬ ಪ್ರಶ್ನೆ ಈ ಬಗೆಯ ಆಟಗಳಿಗೆ ಹುಟ್ಟಿನಿಂದಲೇ ಅಂಟಿಬಂದಿದೆ.

ಆ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದ ವಿಲ್ ಕ್ರೌಥರ್ ಎಂಬಾತ ಇಂದಿನ ಇಂಟರ್‌ನೆಟ್ಟಿಗೆ ಪೂರ್ವಜವಾದ ಅರ್ಪಾನೆಟ್ ಜಾಲಕ್ಕೆ ಕೆಲಸ ಮಾಡಿದ ಪ್ರೋಗ್ರಾಮರ್. ಬಿಡುವಿನಲ್ಲಿ ಗುಹೆಗಳನ್ನು ಹೊಕ್ಕು ಅವುಗಳ ನಕ್ಷೆ ಬರೆಯುವುದು ಆತನ ಹವ್ಯಾಸ. ಹೆಂಡತಿ ಪೆಟ್ರೀಷಿಯಾ ಕೂಡ ಹೆಸರಾಂತ ಗುಹಾಶೋಧಕಿ. ಅವರ ದಾಂಪತ್ಯ ಮುರಿದುಬಿದ್ದ ಮೇಲೆ, 1975–76ರ ಸುಮಾರಿನಲ್ಲಿ, ಕ್ರೌಥರ್ ತನ್ನ ಇಬ್ಬರು ಹೆಣ್ಣುಮಕ್ಕಳಿಗೆಂದು ಕಂಪ್ಯೂಟರಿನಲ್ಲಿ ಒಂದು ಆಟ ಬರೆದ. ಅದರಲ್ಲಿ ಚಿತ್ರಗಳಿಲ್ಲ, ಬರಿಯ ಅಕ್ಷರ. ಕೆಂಟಕಿ ರಾಜ್ಯದ ನಿಜವಾದ ಗುಹೆಯೊಂದರ ವರ್ಣನೆ ತೆರೆಯ ಮೇಲೆ ಮೂಡುತ್ತದೆ. ‘ಪಶ್ಚಿಮಕ್ಕೆ ಹೋಗು’, ‘ದೀಪ ತೆಗೆದುಕೋ’ ಎಂಬರ್ಥದ ಒಂದೆರಡು ಇಂಗ್ಲಿಷ್ ಪದ ಬರೆದರೆ ಕಥೆ ಮುಂದುವರಿಯುತ್ತದೆ. ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿ ಡಾನ್ ವುಡ್ಸ್‌ಗೆ ಅದರ ಒಂದು ಪ್ರತಿ ಸಿಕ್ಕಿತು. ಕ್ರೌಥರನ ಒಪ್ಪಿಗೆ ಪಡೆದು 1977ರ ವೇಳೆಗೆ ಆತ ಅದನ್ನು ಬೆಳೆಸಿದ. ಆಟದ ಹೆಸರು ‘ಅಡ್ವೆಂಚರ್’. ಇಡೀ ಪ್ರಕಾರಕ್ಕೆ ಅದೇ ಹೆಸರು ನಿಂತಿತು. ಮೊದಮೊದಲು ಯಾರೂ ಇದನ್ನು ಮಾರಲಿಲ್ಲ; ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಪ್ರತಿಯಾಗುತ್ತಾ ಹಬ್ಬಿತು. ಈ ಮಾತು ನೆನಪಿನಲ್ಲಿರಲಿ, ಕೊನೆಗೆ ಬೇಕಾಗುತ್ತದೆ.

ಮುಂದೆ ವ್ಯಾಪಾರ ಬಂತು. 1980ರಲ್ಲಿ ‘ಝೋರ್ಕ್’ ಎಂಬ ಅಕ್ಷರದ ಆಟ ಮಾರುಕಟ್ಟೆ ಸೇರಿತು. ಅದೇ ವರ್ಷ ರೋಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿ ‘ಮಿಸ್ಟರಿ ಹೌಸ್’ ಮೂಲಕ ಈ ಪ್ರಕಾರಕ್ಕೆ ಚಿತ್ರಗಳನ್ನು ತಂದರು. 1990ರಲ್ಲಿ ಬಂದ ಕಡಲ್ಗಳ್ಳರ ಹಾಸ್ಯಕಥೆ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಇಂದಿಗೂ ಅಭಿಮಾನಿಗಳ ಬಾಯಲ್ಲಿದೆ. ಆ ಪೆಟ್ಟಿಗೆಯಲ್ಲಿ ಫ್ಲಾಪಿಗಳ ಜೊತೆ ಕಾಗದದ ಒಂದು ಚಕ್ರವೂ ಇರುತ್ತಿತ್ತು. ಅದನ್ನು ತಿರುಗಿಸಿ ಕಡಲ್ಗಳ್ಳನ ಮುಖ ಹೊಂದಿಸಿ, ಅಲ್ಲಿ ಕಾಣುವ ಸಂಖ್ಯೆಯನ್ನು ಕೊಟ್ಟರೆ ಮಾತ್ರ ಆಟ ತೆರೆಯುವುದು. ಕಳ್ಳಪ್ರತಿ ತಡೆಯಲು ಮಾಡಿದ ಉಪಾಯ ಅದು. ಚಕ್ರ ಕಳೆದರೆ ಕಷ್ಟವೇ. ಆದರೂ ಆ ಚಕ್ರ ಇದ್ದದ್ದು ಕೊಂಡವನ ಮನೆಯಲ್ಲಿ ಎಂಬುದನ್ನು ಮರೆಯಬಾರದು.

ಕನ್ಸೋಲ್‌ಗಳ ಕಥೆ ಬೇರೆ. 1980ರಲ್ಲಿ ಅಟಾರಿ 2600 ಯಂತ್ರಕ್ಕೆ ವಾರನ್ ರಾಬಿನೆಟ್ ಬರೆದ ‘ಅಡ್ವೆಂಚರ್’ ಇಡಿಯಾಗಿ 4 ಕಿಲೋಬೈಟ್ ಕಾರ್ಟ್ರಿಜ್‌ನಲ್ಲಿ ಕುಳಿತಿತ್ತು. ಯಂತ್ರ ಆರಿಸಿದರೆ ಮುಗಿಯಿತು, ಆಡಿದ್ದೆಲ್ಲ ಮಾಯ. 1986ರಲ್ಲಿ ಜಪಾನಿನಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ ಆಟ 20 ಅಕ್ಷರಗಳ ಒಂದು ಗುಪ್ತಪದ ಕೊಡುತ್ತಿತ್ತು. ಮಕ್ಕಳು ಅದನ್ನು ಬರೆದಿಟ್ಟುಕೊಳ್ಳಬೇಕು. ಒಂದಕ್ಷರ ತಪ್ಪಿದರೂ ದಿನಗಳ ಶ್ರಮ ಮಣ್ಣುಪಾಲು. ಮರುವರ್ಷ ಅಮೆರಿಕಕ್ಕೆ ಬಂದ ‘ಲೆಜೆಂಡ್ ಆಫ್ ಝೆಲ್ಡಾ’ ಕಾರ್ಟ್ರಿಜ್ಜಿನೊಳಗೆ ಪುಟ್ಟ ಬ್ಯಾಟರಿಯೊಂದಿತ್ತು; ಆಡಿದ್ದನ್ನು ನೆನಪಿಡುವ ಕೆಲಸ ಅದರದು. ಬ್ಯಾಟರಿ ಸತ್ತ ದಿನ ನೆನಪೂ ಸತ್ತಿತು. 1994ರಲ್ಲಿ ಸೋನಿಯ ಪ್ಲೇಸ್ಟೇಷನ್ ಜೊತೆ ಮೆಮೊರಿ ಕಾರ್ಡ್ ಬಂತು. ಅದರ ಹೊಟ್ಟೆ 128 ಕಿಲೋಬೈಟ್, ಅದರಲ್ಲಿ 15 ಅಂಕಣ. ಯಾವ ಹಳೆಯ ಆಟವನ್ನು ಅಳಿಸಿ ಹೊಸದಕ್ಕೆ ಜಾಗ ಮಾಡುವುದು ಎಂಬ ತಲೆನೋವು ಆಗಲೂ ಇತ್ತು. ಆದರೆ ಆ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಗೆಳೆಯನ ಮನೆಗೆ ಹೋಗಬಹುದಿತ್ತು.

2001ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಹಾರ್ಡ್ ಡಿಸ್ಕನ್ನು ಒಳಗೇ ಇಟ್ಟುಕೊಂಡು ಬಂತು. ನಂತರದ ಯಂತ್ರಗಳಲ್ಲಿ ಆಟವನ್ನು ಅಂತರ್ಜಾಲದ ಅಂಗಡಿಯಿಂದ ನೇರವಾಗಿ ಇಳಿಸಿಕೊಳ್ಳುವುದು ರೂಢಿಯಾಯಿತು. 2020ರ ಪ್ಲೇಸ್ಟೇಷನ್ 5ರಲ್ಲಿ 825 ಗಿಗಾಬೈಟ್ ಜಾಗ. ಯಂತ್ರದ ಸ್ವಂತ ಬಳಕೆಗೆ ಹೋಗಿ ಆಟಗಳಿಗೆ ಉಳಿದದ್ದು ಸುಮಾರು 667. ದೊಡ್ಡ ಆಟವೊಂದೇ 100 ಗಿಗಾಬೈಟ್ ಮೀರುವುದುಂಟು. ಅಂದರೆ ಅಂಥ ಆರು ಆಟಕ್ಕೆ ಅಟ್ಟ ತುಂಬಿತು! ಹೆಚ್ಚುವರಿ ಡ್ರೈವ್ ಕೊಳ್ಳಬೇಕು, ಇಲ್ಲವೇ ಆಡಿ ಮುಗಿಸಿದ್ದನ್ನು ಅಳಿಸಬೇಕು. ‘ಬೇಕಾದಾಗ ಮತ್ತೆ ಇಳಿಸಿಕೊಂಡರಾಯಿತು’ ಎಂಬ ಧೈರ್ಯದಿಂದಲೇ ಎಲ್ಲರೂ ಅಳಿಸುವುದು. ಆ ಧೈರ್ಯ ಎಷ್ಟು ಗಟ್ಟಿ ಎಂಬುದೇ ಈಗಿನ ಪ್ರಶ್ನೆ.

ಇದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಕ್ಯಾಲಿಫೋರ್ನಿಯಾದ ಟೆಲ್‌ಟೇಲ್ ಸಂಸ್ಥೆ ಅಡ್ವೆಂಚರ್ ಆಟಗಳನ್ನು ಧಾರಾವಾಹಿಯಂತೆ ಕಂತು ಕಂತಾಗಿ ಹೊರತರುತ್ತಿತ್ತು. 2015ರಲ್ಲಿ ಅದು ‘ಮೈನ್‌ಕ್ರಾಫ್ಟ್: ಸ್ಟೋರಿ ಮೋಡ್’ ಆರಂಭಿಸಿತು. ಇದು ಮಕ್ಕಳೂ ಆಡಬಹುದಾದ ಕಥೆ. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಡಿಸ್ಕಿನಲ್ಲಿ ಮೊದಲ ಕಂತು ಮಾತ್ರ, ಉಳಿದವನ್ನು ಇಳಿಸಿಕೊಳ್ಳಬೇಕಿತ್ತು. 2018ರ ಸೆಪ್ಟೆಂಬರಿನಲ್ಲಿ ಸಂಸ್ಥೆ ತನ್ನ ಬಹುಪಾಲು ನೌಕರರನ್ನು ಮನೆಗೆ ಕಳಿಸಿ ಕುಸಿಯಿತು. ‘2019ರ ಜೂನ್ 25ರೊಳಗೆ ಎಲ್ಲ ಕಂತುಗಳನ್ನೂ ಇಳಿಸಿಕೊಳ್ಳಿ, ಆಮೇಲೆ ಸಿಗುವುದಿಲ್ಲ’ ಎಂಬ ಸೂಚನೆ ಬಂತು. ಆ ಹೊತ್ತಿಗೆ ಎಕ್ಸ್‌ಬಾಕ್ಸ್ 360ರ ಅಂಗಡಿಯಲ್ಲಿ ಕಂತೊಂದಕ್ಕೆ ಸುಮಾರು 100 ಡಾಲರ್ ಬೆಲೆ ಕಾಣಿಸಿತು. ದುರಾಸೆಯಿಂದಲ್ಲ. ಹಿಂದೆ ಕೊಂಡವರಿಗೆ ಬಾಗಿಲು ತೆರೆದಿರಬೇಕು, ಹೊಸಬರು ಕೊಳ್ಳಲೂಬಾರದು. ಅದಕ್ಕೆ ಹೂಡಿದ ಉಪಾಯ! ಗಡುವು ಮುಗಿದ ಮೇಲೆ ಆಟ ಉಳಿದದ್ದು ತಮ್ಮ ಯಂತ್ರದಲ್ಲಿ ಅದನ್ನು ಇಟ್ಟುಕೊಂಡವರಿಗೆ ಮಾತ್ರ. ಜಾಗ ಸಾಲದೆ ಅಳಿಸಿದ್ದವರು ಕೊಟ್ಟ ದುಡ್ಡೂ ಅಷ್ಟೇ ಆಗಿತ್ತು, ಕೈಗೆ ಉಳಿದದ್ದು ಏನೂ ಇಲ್ಲ.

ಇದೊಂದೇ ಪ್ರಸಂಗವಲ್ಲ. ನಿಂಟೆಂಡೊ ತನ್ನ ವೀ ಯಂತ್ರದ ಅಂಗಡಿಯನ್ನು 2019ರ ಜನವರಿಯಲ್ಲಿ ಮುಚ್ಚಿತು. 2023ರ ಮಾರ್ಚಿನಲ್ಲಿ 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ ಮಾರಾಟ ನಿಲ್ಲಿಸಿತು. ಯುಬಿಸಾಫ್ಟಿನ ‘ದಿ ಕ್ರೂ’ ಎಂಬ ಕಾರಿನ ಆಟ 2014ರದು. 2024ರ ಮಾರ್ಚ್ 31ರಂದು ಅದರ ಸರ್ವರ್ ನಿಂತಾಗ ಡಿಸ್ಕ್ ಕೈಯಲ್ಲಿದ್ದವರಿಗೂ ಆಟ ನಿಂತಿತು. ಇದರಿಂದ ಕೆರಳಿದ ಆಟಗಾರರು ಯುರೋಪಿನಲ್ಲಿ ಹೂಡಿದ ಸಹಿ ಚಳವಳಿ 2025ರ ಜುಲೈ ವೇಳೆಗೆ 10 ಲಕ್ಷ ಸಹಿಗಳನ್ನು ದಾಟಿತು.

ಕಾನೂನು ಏನು ಹೇಳುತ್ತದೆ? 1908ರಲ್ಲಿ ಅಮೆರಿಕದ ಪ್ರಕಾಶಕರೊಬ್ಬರು ‘ಈ ಕಾದಂಬರಿಯನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರುವುದು ನಿಷಿದ್ಧ’ ಎಂದು ಪುಸ್ತಕದಲ್ಲೇ ಮುದ್ರಿಸಿ, ಕಡಿಮೆಗೆ ಮಾರಿದ ಅಂಗಡಿಯ ಮೇಲೆ ಹೂಡಿದ್ದ ದಾವೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಮ್ಮೆ ಮಾರಿದ ಪ್ರತಿಯ ಮೇಲೆ ಅಂಥ ಹಿಡಿತವಿಲ್ಲ ಎಂದು ಕೋರ್ಟು ತೀರ್ಪಿತ್ತಿತು. ಓದಿದ ಪುಸ್ತಕವನ್ನು ಮಾರುವುದು, ಎರವಲು ಕೊಡುವುದು, ಗ್ರಂಥಾಲಯ ನಡೆಸುವುದು ಇವಕ್ಕೆಲ್ಲ ಆ ದೇಶದಲ್ಲಿ ಈ ತತ್ವವೇ ಆಧಾರ. ಆದರೆ ಇಳಿಸಿಕೊಂಡ ಆಟದ ವಿಷಯದಲ್ಲಿ ‘ನಾವು ಮಾರಿದ್ದು ವಸ್ತುವನ್ನಲ್ಲ, ಆಡುವ ಪರವಾನಗಿಯನ್ನು’ ಎನ್ನುತ್ತಾರೆ ವ್ಯಾಪಾರಿಗಳು. ಗುಂಡಿಯ ಮೇಲೆ ಮಾತ್ರ ‘ಕೊಳ್ಳಿ’ ಎಂದೇ ಬರೆದಿರುತ್ತದೆ. ಕ್ಯಾಲಿಫೋರ್ನಿಯಾ ಈ ಬಗ್ಗೆ 2024ರಲ್ಲಿ ಕಾನೂನು ಮಾಡಿತು. 2025ರ ಜನವರಿ 1ರಿಂದ ಅಲ್ಲಿ, ಇದು ಪರವಾನಗಿ ಮಾತ್ರ ಎಂದು ಗಿರಾಕಿಗೆ ಸ್ಪಷ್ಟಪಡಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ. ಕಾನೂನು ಆಟವನ್ನು ಉಳಿಸಿಕೊಡಲಿಲ್ಲ, ನಿಜ. ಮಾತಿಗೆ ಅದರ ಅರ್ಥವನ್ನಾದರೂ ಉಳಿಸಿತು.

ಹಾಗಾದರೆ ಡಿಸ್ಕೇ ಒಳ್ಳೆಯದೆ? ಅಷ್ಟು ಸುಲಭವಾಗಿ ತೀರ್ಮಾನಿಸುವಂತಿಲ್ಲ. ಡಿಸ್ಕೂ ಕೆಡುತ್ತದೆ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರ ಕೆಲವು ಕಾರ್ಡುಗಳಲ್ಲಿ ಆಟವೇ ಇಲ್ಲ; ಅವು ಬರಿಯ ಬೀಗದ ಕೈ, ಆಟವನ್ನು ಇಳಿಸಿಕೊಳ್ಳಲೇಬೇಕು. ಇನ್ನೊಂದು ಕಡೆ, ಡೌನ್‌ಲೋಡ್ ಮಾಡಿದ ಉಪಕಾರವೂ ಸಣ್ಣದಲ್ಲ. ಅಡ್ವೆಂಚರ್ ಆಟಗಳ ಕಾಲ ಮುಗಿಯಿತು ಎಂದು ದೊಡ್ಡ ಪ್ರಕಾಶಕರು ಕೈಬಿಟ್ಟಿದ್ದಾಗ, 2012ರಲ್ಲಿ ಟಿಮ್ ಶೇಫರ್‌ನ ತಂಡ 4 ಲಕ್ಷ ಡಾಲರ್ ಬೇಕೆಂದು ಅಭಿಮಾನಿಗಳ ಮುಂದೆಯೇ ಕೈಚಾಚಿತು. ಸುಮಾರು 87 ಸಾವಿರ ಜನ ಸೇರಿ 33 ಲಕ್ಷಕ್ಕೂ ಹೆಚ್ಚು ಡಾಲರ್ ಕೊಟ್ಟರು. ಆತನದೇ 1998ರ ‘ಗ್ರಿಮ್ ಫ್ಯಾಂಡಾಂಗೊ’ ವರ್ಷಗಟ್ಟಲೆ ಅಂಗಡಿಗಳಿಂದ ಮರೆಯಾಗಿದ್ದು, 2015ರಲ್ಲಿ ಡೌನ್‌ಲೋಡ್ ರೂಪದಲ್ಲೇ ಮರಳಿತು. 2008ರಲ್ಲಿ ಶುರುವಾದ ಜಿಒಜಿ ಅಂಗಡಿ ಹಳೆಯ ಆಟಗಳನ್ನು ಬೀಗವಿಲ್ಲದೆ ಮಾರುತ್ತದೆ. ಇಳಿಸಿಕೊಂಡ ಮೇಲೆ ಅಂಗಡಿಯ ಅಪ್ಪಣೆ ಬೇಡ, ಪ್ರತಿ ನಿಮ್ಮಲ್ಲಿಯೇ ಇರುತ್ತದೆ. ದೋಷ ಇರುವುದು ಡೌನ್‌ಲೋಡಿನಲ್ಲಲ್ಲ. ಸಾವಿರಾರು ಮನೆಗಳ ಆಟಕ್ಕೆ ಒಂದೇ ಬೀಗದ ಕೈ, ಅದೂ ಮಾರಿದವನ ಸೊಂಟದಲ್ಲಿ ಇರುವುದೇ ದೋಷ.

ಇದರ ಪರಿಣಾಮ ಆಟಗಾರರಿಗಷ್ಟೇ ಅಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಇಂದು ಕೊಳ್ಳಲು ಸಿಗುವುದಿಲ್ಲ. ಮಾರುಕಟ್ಟೆಯಲ್ಲಿಲ್ಲದ ಆಟಗಳನ್ನು ದೂರದಲ್ಲಿರುವ ಸಂಶೋಧಕರಿಗೂ ಒದಗಿಸಲು ಗ್ರಂಥಾಲಯಗಳಿಗೆ ಅವಕಾಶ ಕೊಡಿ ಎಂಬ ಕೋರಿಕೆಯನ್ನು 2024ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರಿ ವ್ಯವಸ್ಥೆ ತಳ್ಳಿಹಾಕಿತು. ಅರ್ಧ ಶತಮಾನದ ಒಂದು ಕಥನಕಲೆಯ ಚರಿತ್ರೆ ಬರೆಯಬೇಕೆಂದರೆ ಕೃತಿಗಳೇ ಕೈಗೆ ಸಿಗದ ಸ್ಥಿತಿ ಇದು.

ಈಗ ಕ್ರೌಥರನ ಗುಹೆಗೆ ಮರಳೋಣ. ಆತ ಬರೆದ ಮೂಲ ಆವೃತ್ತಿ ಕಳೆದೇಹೋಯಿತೆಂದು ಬಹುಕಾಲ ನಂಬಲಾಗಿತ್ತು. 2005ರಲ್ಲಿ ಅದು ಸಿಕ್ಕಿತು. ಡಾನ್ ವುಡ್ಸ್ ವಿದ್ಯಾರ್ಥಿಯಾಗಿದ್ದಾಗ ಸ್ಟ್ಯಾನ್‌ಫರ್ಡಿನಲ್ಲಿ ಇಟ್ಟಿದ್ದ ಕಡತಗಳ ಹಳೆಯ ಬ್ಯಾಕಪ್ಪಿನಲ್ಲಿ ಒಂದು ಪ್ರತಿ ಕುಳಿತಿತ್ತು! ನಮ್ಮ ಓಲೆಗರಿಯ ಕಾವ್ಯಗಳು ಉಳಿದದ್ದೂ ಹೀಗೆಯೇ ಅಲ್ಲವೆ? ಅರಮನೆಯ ಪ್ರತಿ ಸುಟ್ಟರೂ ಯಾರದೋ ಮನೆಯ ಅಟ್ಟದಲ್ಲಿ ಇನ್ನೊಂದು ಇರುತ್ತಿತ್ತು.

ಅಂದು ಸಂಜೆ ನಮ್ಮ ಹುಡುಗ “ಈಗ ಹೇಳಿ ಮಾವ, ಯಾವುದನ್ನ ಅಳಿಸ್ಲಿ?” ಎಂದು ನನ್ನನ್ನೇ ಕೇಳಿದ. ನನಗೆ ತೋಚಿದ್ದನ್ನು ಹೇಳಿದೆ: “ಡಿಸ್ಕ್ ಇರೋದನ್ನ ಅಳಿಸು. ಬೀಗ ಇಲ್ಲದ್ದನ್ನ ಬೇರೆ ಕಡೆ ಪ್ರತಿ ಮಾಡಿಟ್ಟು ಅಳಿಸು. ಅಂಗಡಿಯವನ ಮಾತು ಬಿಟ್ಟರೆ ಬೇರೆ ಆಧಾರ ಇಲ್ಲದ್ದು ನಿನಗೆ ಇಷ್ಟವಾದ ಆಟವಾದರೆ ಅಳಿಸಬೇಡ.” ಅವನು ಪಟ್ಟಿ ಹಾಕಲು ಕುಳಿತ. ಮೂರನೆಯ ಸಾಲೇ ಎಲ್ಲಕ್ಕಿಂತ ಉದ್ದವಾಯಿತು.