ಮಕ್ಕಳ ಸಮಸ್ಯೆ ಮಕ್ಕಳೇ ಬಿಡಿಸಲಿ
(ಮಹಾಸಂಘದ ಸಭೆಯಲ್ಲಿ ಆಡಿದ ಮಾತುಗಳು)



ನಿಮ್ಮ ಸಂಘ ಶುರುವಾದ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಬ್ಯಾಂಕಿನ ಚಲನ್ ತುಂಬಲು ನಿಮಗೆ ಕೈ ನಡುಗುತ್ತಿತ್ತು. "ಸಿಸ್ಟರ್, ನೀವೇ ಬರ್ದುಕೊಡಿ" ಅನ್ನುತ್ತಿದ್ದಿರಿ. ಬರೆದುಕೊಡುವುದು ನಮಗೆ ಐದು ನಿಮಿಷದ ಕೆಲಸ. ಆದರೂ ನಾವು ಪಕ್ಕದಲ್ಲಿ ನಿಂತೆವು, ಬರೆದವರು ನೀವು. ಎರಡು ಚಲನ್ ಹಾಳಾದವು, ಮೂರನೆಯದು ಸರಿಯಾಯಿತು. ಇವತ್ತು ಮ್ಯಾನೇಜರ್ ಎದುರು ಕುಳಿತು ಸಾಲದ ಬಡ್ಡಿ ಲೆಕ್ಕ ಕೇಳುವವರು ನೀವೇ.

ಸಂಘದಲ್ಲಿ ಕಲಿತ ಈ ಪಾಠವನ್ನು ಮನೆಯಲ್ಲಿ ಮರೆಯುತ್ತೇವೆ. ಒಂಬತ್ತನೇ ತರಗತಿಯ ಮಗ ಬಸ್ ಪಾಸ್ ಕಳೆದುಕೊಂಡರೆ ತಾಯಿ ಒಂದು ದಿನದ ಕೂಲಿ ಬಿಟ್ಟು ಓಡುತ್ತಾಳೆ. ಮಗಳು ಗೆಳತಿಯೊಡನೆ ಮಾತು ಬಿಟ್ಟರೆ ಆ ಗೆಳತಿಯ ತಾಯಿಯೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ. ಎಲ್ಲ ಪ್ರೀತಿಯಿಂದಲೇ. ಆದರೆ ಮಗುವಿಗೆ ಕೇಳಿಸುವುದು "ನಿನ್ನ ಕೈಲಿ ಆಗೋದಿಲ್ಲ" ಎಂಬ ಮಾತು.

ಸದಸ್ಯೆಯೊಬ್ಬರು ಅಳುತ್ತಾ ನಮ್ಮ ಹತ್ತಿರ ಬಂದರು. ಮಗಳು ಗಣಿತದಲ್ಲಿ ಮೂರು ಸಲ ಫೇಲಾಗಿ, ಅಂಕಪಟ್ಟಿಗೆ ತಾನೇ ತಾಯಿಯ ಸಹಿ ಹಾಕಿದ್ದಳು. ಯಾಕಮ್ಮಾ ಮುಚ್ಚಿಟ್ಟೆ ಎಂದು ಕೇಳಿದೆವು. "ಹೇಳಿದ್ರೆ ಅಮ್ಮ ಕೂಡ್ಲೇ ಶಾಲೆಗೆ ಬರ್ತಾರೆ, ಎಲ್ಲರೆದುರು ಕೂಗಾಡ್ತಾರೆ" ಎಂದಳು. ತಾಯಿಗೆ ನಾವು ಹೇಳಿದ್ದು ಇಷ್ಟೇ: "'ಈಗ ಏನ್ ಮಾಡ್ಬೇಕು ಅಂತೀಯಾ?' ಅಂತ ಕೇಳಿ, ಆಮೇಲೆ ಸುಮ್ಮನಿರಿ." ಎರಡು ದಿನ ಉತ್ತರವಿಲ್ಲ. ತಾಯಿಗೆ ನಿದ್ದೆಯಿಲ್ಲ. ಮೂರನೇ ದಿನ ಮಗಳೇ ಟೀಚರ್ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡಳು, ಬೈಸಿಕೊಂಡಳು, ಸಂಜೆ ಅರ್ಧ ಗಂಟೆ ಲೆಕ್ಕ ಹೇಳಿಕೊಡಿ ಎಂದು ಕೇಳಿಕೊಂಡು ಬಂದಳು. ಗಣಿತ ಇಂದಿಗೂ ಅವಳಿಗೆ ಕಷ್ಟವೇ. ಆದರೆ ಮನೆಯಲ್ಲಿ ಈಗ ಏನನ್ನೂ ಮುಚ್ಚಿಡುವುದಿಲ್ಲ.

ನಾವು ಮಾಡಬೇಕಾದದ್ದು ಏನು? ಮಕ್ಕಳ ಮಾತು ಪೂರ್ತಿ ಕೇಳೋಣ. ಬುದ್ಧಿಮಾತು ನಾಳೆಗಿರಲಿ. ಸಣ್ಣ ಸಣ್ಣ ಹೊಣೆ ಕೊಡೋಣ. 10 ವರ್ಷ ತುಂಬಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಲು, ಬ್ಯಾಂಕು ಹಾಕುವ ಮಿತಿಯೊಳಗೆ, ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ತಿಳಿಸಿದೆ. ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಆ ಚಲನ್ ಮಗನೇ ತುಂಬಲಿ.

ಆದರೆ ಎಲ್ಲವನ್ನೂ ಮಕ್ಕಳ ತಲೆಗೆ ಕಟ್ಟಬಾರದು. ಯಾರಾದರೂ ಮೈಮುಟ್ಟಿ ಪೀಡಿಸಿದರೆ, ಫೋನಿನಲ್ಲಿ ಬೆದರಿಸಿದರೆ, ಮಾದಕ ವಸ್ತುವಿನ ಸುಳಿವು ಸಿಕ್ಕರೆ, 18 ತುಂಬದ ಮಗಳಿಗೆ ಮದುವೆ ಮಾತು ಬಂದರೆ, "ಸಾಯ್ಬೇಕು ಅನ್ಸುತ್ತೆ" ಎಂದು ಮಗು ಹೇಳಿದರೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡೂ ಉಚಿತ, ಹಗಲೂ ರಾತ್ರಿ ಇರುತ್ತವೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ, ಈ ವಾರ ಮಕ್ಕಳಿಗೇ ಬಿಟ್ಟುಕೊಟ್ಟ ಒಂದು ಕೆಲಸ ಯಾವುದೆಂದು ಪ್ರತಿಯೊಬ್ಬರೂ ಹೇಳಿ. ನಾವು ಪಕ್ಕದಲ್ಲೇ ನಿಲ್ಲೋಣ, ಪೆನ್ನು ಅವರ ಕೈಯಲ್ಲಿರಲಿ.