ಸಂಗನಕಲ್ಲಿನ ಬೆಟ್ಟವೂ ಬೂದಿಯ ಒಗಟೂ

(ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಪಾಠ)



ಇಲ್ಲಿ ಸೇರಿರುವ ನಮ್ಮಲ್ಲಿ ಹೆಚ್ಚಿನವರು ವರ್ಷಕ್ಕೆ ಸಿಗುವ ಹತ್ತು ಹದಿನೈದು ದಿನಗಳ ರಜೆಯನ್ನು ಮದುವೆ, ಮುಂಜಿ, ಊರ ಜಾತ್ರೆಗಳಿಗೆ ಹಂಚಿಕೊಂಡು ಬದುಕುವವರು. ಆ ರಜೆಯಲ್ಲಿ ಮೂರು ದಿನಗಳನ್ನು ಉಳಿಸಿಕೊಂಡು ಬಳ್ಳಾರಿಗೆ ಹೋಗಿಬಂದೆವೆಂದಾಗ ಸ್ನೇಹಿತರು ನಕ್ಕರು. ಹಂಪೆಗೆ ಹೋದಿರಾ ಎಂದು ಕೇಳಿದರು. ಇಲ್ಲವೆಂದೆವು. ಹಾಗಾದರೆ ಆ ಬಿಸಿಲಿನಲ್ಲಿ ನೋಡುವಂಥದ್ದೇನಿದೆ ಎಂದರು. ಬೂದಿ ನೋಡಿ ಬಂದೆವು ಎಂದರೆ ಇನ್ನೂ ನಗುತ್ತಾರೆಂದು ಆಗ ಸುಮ್ಮನಾದೆವು. ಈಗ ಕಾರ್ಯದರ್ಶಿಗಳು ಒಂದು ಗಂಟೆಯ ಅವಕಾಶ ಕೊಟ್ಟಿದ್ದಾರೆ, ಹೇಳಿಬಿಡುತ್ತೇವೆ.

ಬಳ್ಳಾರಿ ನಮಗೆ ಪರವೂರಲ್ಲ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಅದು ಮದರಾಸಿನ ಆಡಳಿತಕ್ಕೆ ಒಳಪಟ್ಟ ಜಿಲ್ಲೆ. ಅಲ್ಲಿಯ ದಾವೆಗಳ ಮೇಲ್ಮನವಿ ಇಲ್ಲಿಗೆ ಬರುತ್ತಿತ್ತು, ಓದುವ ಹುಡುಗರು ಇಲ್ಲಿಗೆ ಬರುತ್ತಿದ್ದರು. ಅಲ್ಲಿಯ ಕಲ್ಲುಗಳೂ ಇಲ್ಲಿಗೇ ಬಂದವು. ಆ ಕಲ್ಲುಗಳನ್ನು ತಂದವನ ಕಥೆಯಿಂದಲೇ ಆರಂಭಿಸುವುದು ಒಳ್ಳೆಯದು.

ತಾಂಬರಂ ಕಡೆಗೆ ಲೋಕಲ್ ರೈಲಿನಲ್ಲಿ ನಿತ್ಯ ಓಡಾಡುವವರಿಗೆ ಪಲ್ಲಾವರಂ ನಿಲ್ದಾಣ ಚೆನ್ನಾಗಿ ಗೊತ್ತು. 1863ರ ಮೇ 30ರಂದು ಅಲ್ಲಿ ಜಲ್ಲಿಮಣ್ಣು ತೆಗೆದ ಒಂದು ಗುಂಡಿಯಲ್ಲಿ ರಾಬರ್ಟ್ ಬ್ರೂಸ್ ಫುಟ್ ಎಂಬ ಇಂಗ್ಲಿಷ್ ಅಧಿಕಾರಿಗೆ ಮನುಷ್ಯನ ಕೈ ಕೆತ್ತಿದ ಒಂದು ಕಲ್ಲು ಸಿಕ್ಕಿತು. ಭರತಖಂಡದಲ್ಲಿ ಹಳೆಯ ಶಿಲಾಯುಗದ ಮನುಷ್ಯನಿದ್ದನೆಂದು ಗುರುತಿಸಲು ದಾರಿಯಾದದ್ದು ಆ ಕಲ್ಲು. ಫುಟ್ 1858ರಲ್ಲಿ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಗೆ ಸೇರಿದವನು. ಅವನಿಗೆ ಸರ್ಕಾರ ಸಂಬಳ ಕೊಡುತ್ತಿದ್ದುದು ನೆಲದ ಪದರಗಳನ್ನು ಗುರುತುಹಾಕುವುದಕ್ಕೆ. ಹಳೆಯ ಕೊಡಲಿ, ಮಡಕೆ ಚೂರುಗಳನ್ನು ಆಯ್ದುಕೊಂಡದ್ದು ತನ್ನ ಸ್ವಂತ ಹುಚ್ಚಿಗೆ. ಕಛೇರಿಯ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಏನಾದರೂ ಮಾಡಬೇಕೆನ್ನುವ ನಮ್ಮಂಥ ಗುಮಾಸ್ತರಿಗೆ ಇದು ಸ್ವಲ್ಪ ಹುರುಪು ಕೊಡುವ ಸಂಗತಿ. ನಾಲ್ವತ್ತು ವರ್ಷ ಹೀಗೆ ಕೂಡಿಸಿದ್ದನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಎಗ್ಮೋರಿನಲ್ಲಿ ಇರುವುದು ಅದೇ. ಅದರ ವಿವರಣೆಯ ಪುಸ್ತಕ 1916ರಲ್ಲಿ ಹೊರಬಂದಿತು. ಅಷ್ಟರಲ್ಲಿ ಫುಟ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಆ ಸಂಗ್ರಹದಲ್ಲಿ ಬಳ್ಳಾರಿಯ ಪಾಲು ದೊಡ್ಡದು. ಅದನ್ನು ನೋಡಿದ ಮೇಲೆಯೇ ನಮಗೆ ಮೂಲಸ್ಥಳಕ್ಕೆ ಹೋಗಬೇಕೆನ್ನಿಸಿದ್ದು.

ಈಗ ಬಳ್ಳಾರಿ ಪಟ್ಟಣದಲ್ಲಿ ಫುಟ್‌ನ ಹೆಸರನ್ನೂ ಸಂಗನಕಲ್ಲು ಗ್ರಾಮದ ಹೆಸರನ್ನೂ ಜೊತೆಗೆ ಹೊತ್ತ ಒಂದು ಪುರಾತತ್ವ ವಸ್ತುಸಂಗ್ರಹಾಲಯವಿದೆ. ಅದು ರೂಪುಗೊಳ್ಳಲು ಬಹುಕಾಲ ದುಡಿದವರು ಪ್ರಾಧ್ಯಾಪಕ ರವಿ ಕೋರಿಶೆಟ್ಟರ್ ಅವರು. ಕಲ್ಲಿನ ಕೊಡಲಿ, ಬೀಸುವ ಕಲ್ಲು, ಬೂದುಬಣ್ಣದ ಮಡಕೆ ಚೂರು ಇವು ಅಲ್ಲಿಯ ಆಸ್ತಿ. ಚಿನ್ನ ಬೆಳ್ಳಿ ನೋಡಬೇಕೆನ್ನುವವರು ಹೋಗಬೇಕಾಗಿಲ್ಲ. ಆದರೆ ನಮ್ಮ ಅಭಿಪ್ರಾಯದಲ್ಲಿ ಅದು ಮುನ್ನುಡಿ ಮಾತ್ರ. ಪುಸ್ತಕ ಇರುವುದು ಪಟ್ಟಣದಿಂದ ಕೆಲವೇ ಕಿಲೋಮೀಟರು ಈಶಾನ್ಯಕ್ಕೆ, ಸಂಗನಕಲ್ಲು ಕಪ್ಪಗಲ್ಲು ಗ್ರಾಮಗಳ ನಡುವಿನ ಬೆಟ್ಟಗಳ ಮೇಲೆ.

ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ, ಹಿರೇಗುಡ್ಡ ಎಂದು ಅಲ್ಲಿ ಹೆಸರು. ಹಿರೇಗುಡ್ಡವನ್ನು ಇಂಗ್ಲಿಷರು ನವಿಲುಬೆಟ್ಟವೆಂದು ಕರೆದರು. ದೂರದಿಂದ ನೋಡಿದರೆ ಯಾರೋ ಬಂಡೆಗಳನ್ನು ಗಾಡಿಯಲ್ಲಿ ತಂದು ಸುರಿದ ಹಾಗೆ ಕಾಣುತ್ತದೆ. ನಾವು ಬೆಳಗ್ಗೆ ಆರಕ್ಕೇ ಹೊರಟೆವು. ಒಂಬತ್ತರ ಮೇಲೆ ಆ ಕಲ್ಲನ್ನು ಕೈಯಿಂದ ಮುಟ್ಟುವ ಹಾಗಿಲ್ಲ.

ಸಣ್ಣರಾಚಮ್ಮನ ಗುಡ್ಡದ ನೆತ್ತಿ ಸಮತಟ್ಟು. ನಾಲ್ಕು ಸಾವಿರ ವರ್ಷಗಳ ಹಿಂದೆ ಅದರ ಮೇಲೆ ಒಂದು ಹಳ್ಳಿಯಿತ್ತು. 1940ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಬಿ. ಸುಬ್ಬರಾವ್ ಅವರು ಇಲ್ಲಿ ಅಗೆದು 1948ರಲ್ಲಿ ಪುಸ್ತಕ ಬರೆದರು. 1964–65ರಲ್ಲಿ ಅನ್ಸಾರಿ ಮತ್ತು ನಮ್ಮವರೇ ಆದ ಎಂ. ಎಸ್. ನಾಗರಾಜರಾವ್ ಮತ್ತೆ ಅಗೆದರು. ಆಮೇಲೆ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೊಯಿವಿನ್ ಇವರ ತಂಡ ಬಂದಿತು. ಫುಲ್ಲರ್ ಮಾಡಿದ ಕೆಲಸ ನಮಗೆ ಬಹಳ ಹಿಡಿಸಿತು. ಆತ ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಸೋಸಿ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದ. ಸಿಕ್ಕಿದ್ದೇನು? ಹುರುಳಿ, ಹೆಸರು, ಕೊರಲೆ! ಅಂದರೆ ಆ ಗುಡ್ಡದ ಮೇಲಿನ ಗೃಹಿಣಿ ಹುರುಳಿ ಬೇಯಿಸುತ್ತಿದ್ದಳು. ಮೊನ್ನೆ ನಮ್ಮಲ್ಲೊಬ್ಬರ ಮನೆಯಿಂದ ಪಾರ್ಸಲಿನಲ್ಲಿ ಬಂದ ಹುರುಳಿಯ ಡಬ್ಬಿಯನ್ನು ಈಗ ಬೇರೆ ಕಣ್ಣಿನಿಂದ ನೋಡುತ್ತಿದ್ದೇವೆ.

ಹಿರೇಗುಡ್ಡ ಇನ್ನೊಂದು ಬಗೆಯದು. ಬೆಣಚು ಮಿಶ್ರಿತ ಬಿಳಿ ಬಂಡೆಗಳ ನಡುವೆ ಕಪ್ಪಾದ ಗಟ್ಟಿ ಕಲ್ಲಿನ ಒಂದು ದಿಂಡು ಗೋಡೆಯ ಹಾಗೆ ಹಾದುಹೋಗಿದೆ. ಡಾಲರೈಟ್ ಎಂದು ಅದರ ಹೆಸರು. ಕೊಡಲಿಗೆ ಹೇಳಿಮಾಡಿಸಿದ ಕಲ್ಲು. ಅದನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಬಂಡೆಯ ಮೇಲೆ ನೀರು ಮರಳು ಹಾಕಿ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳು ಇಂದಿಗೂ ಇವೆ. ಕಾಲಿಟ್ಟಲ್ಲೆಲ್ಲ ಚಕ್ಕೆ. ಅದೊಂದು ಕಾರ್ಖಾನೆ, ಸಂದೇಹವೇ ಇಲ್ಲ. ನಮ್ಮೊಡನೆ ಅಂಬತ್ತೂರಿನ ಯಂತ್ರಾಗಾರದಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯರು ಬಂದಿದ್ದರು. ಅವರು ಒಂದು ತೋಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೈ ಎಲ್ಲಿ ಬರುತ್ತದೆ, ಮೊಣಕಾಲು ಎಲ್ಲಿ ಊರುತ್ತದೆ ಎಂದು ಲೆಕ್ಕಹಾಕಿ, “ಇವನು ಎಡಗೈಯವನಿರಬೇಕು” ಎಂದರು. ಅದನ್ನು ಯಾವ ವಿದ್ವಾಂಸರೂ ಒಪ್ಪುವರೋ ಇಲ್ಲವೋ! ಆದರೆ ಬಂದ ಏಳು ಜನರಲ್ಲಿ ಆ ಕಲ್ಲನ್ನು ಕೆಲಸವೆಂದು ನೋಡಿದವರು ಅವರೊಬ್ಬರೇ.

ಅದೇ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಎತ್ತುಗಳ ಚಿತ್ರಗಳಿವೆ. ಮನುಷ್ಯರ ಚಿತ್ರಗಳೂ ಇವೆ. ಬಣ್ಣದವಲ್ಲ, ಕಲ್ಲಿನಿಂದ ಕುಟ್ಟಿ ಮೂಡಿಸಿದವು. 1892ರಲ್ಲಿ ಫಾಸೆಟ್ ಎಂಬಾತ ಇವುಗಳ ವಿಷಯ ಬರೆದ. ಆಮೇಲೆ ಬಹಳ ಕಾಲ ವಿದ್ವಾಂಸರ ಕಣ್ಣಿಗೆ ತಪ್ಪಿಹೋಗಿ, 2004ರಲ್ಲಿ ಬೊಯಿವಿನ್ ಲೇಖನದಿಂದ ಮತ್ತೆ ಹೆಸರಾದವು. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ. ಅಲ್ಲಿ ಗುಂಡುಕಲ್ಲಿನಿಂದ ಹೊಡೆದರೆ ಗಂಟೆಯಂತೆ ನಾದ ಹೊರಡುತ್ತದೆ. ಚಿತ್ರ ಬಿಡಿಸಿದವರು ಬಂಡೆಯನ್ನು ಬಾರಿಸುತ್ತಲೂ ಇದ್ದರೆಂದು ಆಕೆಯ ವಾದ. ನಾವು ಹೊಡೆದು ನೋಡಲಿಲ್ಲ. ಹೋಗುವವರೆಲ್ಲ ಹೊಡೆದರೆ ಬಂಡೆ ಉಳಿಯುವುದು ಹೇಗೆ?

ಇನ್ನು ಬೂದಿಯ ವಿಷಯ. ಬಳ್ಳಾರಿಯಿಂದ ಹೊಸಪೇಟೆಯ ರಸ್ತೆಯಲ್ಲಿ ಕುಡತಿನಿಯ ಬಳಿ ಒಂದು ಬೂದಿಯ ದಿಬ್ಬವಿದೆ. ಸಣ್ಣರಾಚಮ್ಮನ ಗುಡ್ಡದ ಹಳ್ಳಿಯ ಅಡಿಯಲ್ಲಿಯೂ ಬೂದಿಯ ಪದರವಿದೆ. ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲಿ ಇಂಥ ದಿಬ್ಬಗಳು ನೂರಕ್ಕೂ ಮಿಕ್ಕಿ ಗೊತ್ತಾಗಿವೆ. ಕೆಲವೆಡೆ ಮೆತ್ತನೆಯ ಬಿಳಿ ಬೂದಿ. ಕೆಲವೆಡೆ ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟ. ಇಷ್ಟು ಬೂದಿ ಎಲ್ಲಿಂದ ಬಂತು?

ಜನ ಕೊಟ್ಟ ಉತ್ತರ ಸರಳ. ಕುಡತಿನಿಯದು ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ. ಹಂಪೆಯ ಹತ್ತಿರ ನಿಂಬಾಪುರದಲ್ಲಿರುವುದು ವಾಲಿಯ ಚಿತೆ. ದೊರೆಗಳು ಕೊಟ್ಟ ಉತ್ತರಗಳು ಇದಕ್ಕಿಂತ ಹೆಚ್ಚು ಬುದ್ಧಿವಂತಿಕೆಯವೇನಲ್ಲ. ಜ್ವಾಲಾಮುಖಿಯೆಂದವರುಂಟು, ಲೋಹ ಕರಗಿಸಿದ ಕುಲುಮೆಯೆಂದವರುಂಟು. ವಿಜಯನಗರದ ಚರಿತ್ರೆ ಬರೆದು ಹೆಸರಾದ ರಾಬರ್ಟ್ ಸೆವೆಲ್ ಕೂಡ 1899ರಲ್ಲಿ ಈ ದಿಬ್ಬಗಳ ಮೇಲೆ ಲೇಖನ ಬರೆದ. ಸಗಣಿಯ ಬೂದಿ, ದನದ ದೊಡ್ಡಿಗಳು ಸುಟ್ಟು ಉಳಿದದ್ದು ಎಂದು ಹೇಳಿದವನು ನಮ್ಮ ಪಲ್ಲಾವರದ ಫುಟ್. ಸಗಣಿ ಸುಟ್ಟರೆ ಗಾಜಾಗುವುದುಂಟೇ ಎಂದು ಬಹುಮಂದಿ ನಂಬಲಿಲ್ಲ. 1957ರಲ್ಲಿ ರೇಮಂಡ್ ಆಲ್ಚಿನ್ ಉಟ್ನೂರಿನ ದಿಬ್ಬವನ್ನು ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಕಾಣಿಸಿದವು. 1960ರಲ್ಲಿ ತ್ಸಾಯ್ನರ್ ಎಂಬ ವಿಜ್ಞಾನಿ ಕಿಟ್ಟವನ್ನು ಪರೀಕ್ಷಿಸಿ ಸಗಣಿಯೆಂದೇ ಹೇಳಿದ. ಹುಲ್ಲಿನಲ್ಲಿ ಮರಳಿನ ಅಂಶವಿದೆ; ದನದ ಹೊಟ್ಟೆ ಅದನ್ನು ಕರಗಿಸಲಾರದು; ರಾಶಿ ರಾಶಿ ಸಗಣಿ ಬಹಳ ಕಾವಿನಲ್ಲಿ ಉರಿದಾಗ ಆ ಅಂಶ ಕರಗಿ ಗಾಜಾಗುತ್ತದೆ.

ಬೂದಿ ಏನೆಂಬುದು ತೀರಿತು. ಏಕೆ ಸುಟ್ಟರು ಎಂಬುದು ತೀರಿಲ್ಲ. ಕುಳ್ಳು ತಟ್ಟಿ ಒಲೆ ಉರಿಸಿದ ಮನೆಗಳಿಂದ ಬಂದ ನಮಗೆ ಸಗಣಿಯ ಬೆಲೆ ಗೊತ್ತು. ಹೊಲಕ್ಕೆ ಹಾಕದೆ, ಒಲೆಗೆ ಹಾಕದೆ, ತಲೆಮಾರುಗಟ್ಟಲೆ ಗುಡ್ಡೆ ಹಾಕಿ ಮತ್ತೆ ಮತ್ತೆ ಬೆಂಕಿಯಿಡುವುದೆಂದರೆ ಏನರ್ಥ? ಆಲ್ಚಿನ್ ಇದನ್ನು ಹಬ್ಬದ ಬೆಂಕಿಯೆಂದ; ಹೋಳಿ, ದೀಪಾವಳಿ, ಸಂಕ್ರಾಂತಿಗಳ ಕಡೆಗೆ ಬೆರಳು ತೋರಿಸಿದ. ಬೆಟ್ಟದ ಮೇಲೆಯೇ ನಮ್ಮಲ್ಲಿ ವಾದ ಹತ್ತಿತು. ಉಣ್ಣೆ, ನೊಣ ಸಾಯಲೆಂದು ಸುಟ್ಟಿರಬೇಕು, ಹಬ್ಬವೂ ಇಲ್ಲ ಗಿಬ್ಬವೂ ಇಲ್ಲ ಎಂದರು ಒಬ್ಬರು. ಹಾಸನದ ಕಡೆಯ ಗೆಳೆಯರು, ಸಂಕ್ರಾಂತಿಯ ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸುವುದು ಬರಿಯ ನೊಣಕ್ಕಾಗಿಯೇ ಎಂದು ತಿರುಗಿ ಕೇಳಿದರು. ನಮ್ಮ ಒಲವು ಹಾಸನದವರ ಕಡೆಗೆ. ನೊಣಕ್ಕಾದರೆ ಹೊಗೆ ಸಾಕು, ಕಲ್ಲು ಕರಗುವ ಬೆಂಕಿ ಬೇಕಿಲ್ಲ. ಆದರೂ ಎರಡೂ ಕೂಡಿ ಇರಬಾರದೆಂದೇನಿಲ್ಲ. 1990ರ ದಶಕದಲ್ಲಿ ಸುರಪುರದ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ಅಗೆದಾಗ ದೊಡ್ಡಿ, ಸಗಣಿಯ ರಾಶಿ, ದನ ಕೊಯ್ದ ನೆಲ ಎಲ್ಲ ಒಂದೆಡೆ ಸಿಕ್ಕವು. ಅದು ಬಾಳಿನ ನಡುಮನೆ, ಬರಿಯ ತಿಪ್ಪೆಯಲ್ಲ.

ಈ ಒಗಟನ್ನು ಬಿಡಿಸುವುದಕ್ಕೆ ಕಾಲ ಬಹಳ ಉಳಿದಿಲ್ಲವೆಂಬುದೇ ನಮ್ಮ ಕಳವಳ. ದಿಬ್ಬಗಳ ಬೂದಿಯನ್ನು ಗೊಬ್ಬರಕ್ಕೆಂದು ಗಾಡಿಗಟ್ಟಲೆ ಹೊತ್ತಿದ್ದಾರೆ. ಸಂಗನಕಲ್ಲಿನ ಬೆಟ್ಟಗಳಲ್ಲಿ ಜಲ್ಲಿಗಾಗಿ ಬಂಡೆ ಒಡೆದ ಗಾಯಗಳು ದೂರಕ್ಕೇ ಕಾಣುತ್ತವೆ. ಸಂಶೋಧಕರು ಇಪ್ಪತ್ತು ವರ್ಷಗಳಿಂದಲೂ ಕೂಗಿಕೊಂಡಿದ್ದಾರೆ. ಕಲ್ಲು ಒಡೆಯುವವರನ್ನು ಬೈಯುವುದು ಸುಲಭ. ನಮ್ಮಲ್ಲಿ ಕೆಲವರ ತಂದೆತಾಯಿಗಳು ಅದೇ ಕೂಲಿಯಿಂದ ನಮ್ಮನ್ನು ಸಾಕಿದರು. ಜಲ್ಲಿಯಿಲ್ಲದೆ ಈ ಊರಿನ ಮೇಲ್ಸೇತುವೆಗಳೂ ಏಳುತ್ತಿರಲಿಲ್ಲ. ಆದರೆ ಜಲ್ಲಿ ಸಿಗುವ ಗುಡ್ಡಗಳು ಆ ಜಿಲ್ಲೆಯಲ್ಲಿ ಬೇಕಾದಷ್ಟಿವೆ, ಎತ್ತಿನ ಚಿತ್ರವಿರುವ ಹಿರೇಗುಡ್ಡ ಒಂದೇ. ಬೇರೆಡೆ ಗುತ್ತಿಗೆ ಕೊಟ್ಟು ಇದನ್ನು ಬಿಡುವುದು ಅಸಾಧ್ಯದ ಮಾತಲ್ಲ. ಅಲ್ಲಿಯ ಹುಡುಗರಿಗೆ ಬೆಟ್ಟ ತೋರಿಸುವ ಕೆಲಸ ಕೊಟ್ಟು ಕೂಲಿ ಕೊಡಬೇಕು. ಮಾರ್ಗದರ್ಶಿಯಿಲ್ಲದೆ ಹೋದರೆ ಚಿತ್ರಗಳು ಕಾಣುವುದೇ ಇಲ್ಲ. ನಮಗೆ ದನ ಮೇಯಿಸುವ ಒಬ್ಬ ಹುಡುಗ ತೋರಿಸಿಕೊಟ್ಟ. ಈ ಅರ್ಥದ ಒಂದು ಮನವಿಯನ್ನು ಬರೆದು ವಾಚನಾಲಯದ ಮೇಜಿನ ಮೇಲಿಟ್ಟಿದ್ದೇವೆ. ಒಪ್ಪುವವರು ಓದಿ ರುಜು ಹಾಕಬಹುದು, ಒಪ್ಪದವರು ತಿದ್ದುಪಡಿ ಬರೆಯಬಹುದು.

ಹೋಗಬೇಕೆನ್ನುವವರಿಗೆ ಎರಡು ಮಾತು. ಇಲ್ಲಿಂದ ಗುಂತಕಲ್ಲಿಗೆ ರೈಲು, ಅಲ್ಲಿಂದ ಬಳ್ಳಾರಿ ಸುಮಾರು 50 ಕಿಲೋಮೀಟರು. ಬೇಸಗೆ ಬೇಡ, ಮಾರ್ಗಶಿರ ಪುಷ್ಯ ಒಳ್ಳೆಯದು. ತಲೆಗೆ ಬಟ್ಟೆ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಗಟ್ಟಿ ಅಟ್ಟೆಯ ಚಪ್ಪಲಿ ಇರಲಿ. ಚಕ್ಕೆಗಳನ್ನು ಜೇಬಿಗೆ ಹಾಕಿಕೊಳ್ಳಬೇಡಿ. ರಜೆ ಸಿಗದವರು ಮೊದಲು ಎಗ್ಮೋರಿನ ಸಂಗ್ರಹವನ್ನಾದರೂ ನೋಡಿಬನ್ನಿ. ಅಲ್ಲಿ ಶುಕ್ರವಾರ ರಜೆ, ಭಾನುವಾರ ತೆರೆದಿರುತ್ತದೆ.