ಬಿಸಿಲಿನ ಪಂಪೂ ಬಾವಿಯ ನೀರೂ
(ರಂಗಂಪೇಟೆಯ ರೈತರ ಸಭೆಯಲ್ಲಿ ಮಾಡಿದ ಭಾಷಣ)

ರೈತ ಬಾಂಧವರೇ,

ಸೂರ್ಯಶಕ್ತಿಯಿಂದ ನಡೆಯುವ ಪಂಪಿನ ವಿಷಯವಾಗಿ ತಮ್ಮೊಡನೆ ನಾಲ್ಕು ಮಾತು ಆಡಲು ಬಂದಿದ್ದೇನೆ. ಪಂಪನ್ನು ಹೊಗಳಿ ಹೋಗುವುದು ನನ್ನ ಉದ್ದೇಶವಲ್ಲ, ಬೇಡವೆನ್ನುವುದೂ ಅಲ್ಲ. ನಮ್ಮ ಸುರಪುರ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ, ಬರವಿರುವುದು ನೀರಿಗೆ.

ಮೊದಲು ಅನುಕೂಲದ ಮಾತು. ರಾತ್ರಿ ಕರೆಂಟು ಬಂತೆಂದು ಬ್ಯಾಟರಿ ಹಿಡಿದು ಹೊಲಕ್ಕೆ ಓಡುವುದು, ಹಾವು ಚೇಳಿನ ಅಂಜಿಕೆಯಲ್ಲಿ ಮಡಿ ಕಡಿಯುವುದು ತಮಗೆ ಗೊತ್ತೇ ಇದೆ. ಬಿಸಿಲಿನ ಪಂಪು ಹಗಲಿನಲ್ಲೇ ನಡೆಯುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಅನಿಲ ಗಾಳಿಗೆ ಸೇರುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ ವಿದ್ಯುತ್ತಿಗಾಗಿ ಕಲ್ಲಿದ್ದಲು ಸುಡುವುದನ್ನೂ ತಾವು ಬಲ್ಲಿರಿ. ಬಿಸಿಲಿನ ಪಂಪು ನಡೆಯುವಾಗ ಹೊಗೆಯಿಲ್ಲ, ಎಣ್ಣೆಯ ಖರ್ಚಿಲ್ಲ.

ಆದರೆ ತೊಡಕು ಇರುವುದೂ ಅಲ್ಲಿಯೇ. ಎಣ್ಣೆಯ ಬೆಲೆ, ಕರೆಂಟಿನ ವೇಳೆ ಇವು ಇಷ್ಟು ದಿನ ನಮ್ಮ ಮೋಟಾರಿಗೆ ಲಗಾಮಿನಂತೆ ಇದ್ದವು. ಬಿಸಿಲಿಗೆ ಯಾರೂ ದುಡ್ಡು ಕೇಳುವುದಿಲ್ಲ. ಬೆಳಿಗ್ಗೆ ಹಚ್ಚಿದ ಪಂಪನ್ನು ಸಂಜೆಯವರೆಗೆ ನಿಲ್ಲಿಸುವ ಮನಸ್ಸು ಯಾರಿಗೆ ಬರುತ್ತದೆ?

ಸ್ವಲ್ಪ ಲೆಕ್ಕ ಹಾಕೋಣ. ಐದು ಅಶ್ವಶಕ್ತಿಯ ಪಂಪಿಗೆ 4,800 ವಾಟಿನ ಫಲಕಗಳನ್ನು ಜೋಡಿಸಿದರೆ, 50 ಮೀಟರ್, ಎಂದರೆ ಸುಮಾರು 165 ಅಡಿ ಆಳದಿಂದ, ಒಳ್ಳೆಯ ಬಿಸಿಲಿನ ದಿನ ಸುಮಾರು ಒಂದು ಲಕ್ಷ ಲೀಟರ್ ನೀರು ಬರಬೇಕು. ಒಂದು ಎಕರೆಯಲ್ಲಿ ಒಂದು ಅಂಗುಲ ನೀರು ನಿಲ್ಲಿಸಲು ಸಾಕಾಗುವಷ್ಟು. ಅದೇ ನೀರು 100 ಮೀಟರಿಗೆ ಇಳಿಯಿತೆನ್ನಿ. ಅದೇ ಶಕ್ತಿಯ ಫಲಕಗಳಿಂದ 45 ಸಾವಿರ ಲೀಟರ್ ಬಂದರೆ ಹೆಚ್ಚು. ಸೂರ್ಯ ಕಡಿಮೆ ಕೊಟ್ಟಿಲ್ಲ, ನಾವು ನೀರನ್ನು ಕೆಳಕ್ಕೆ ತಳ್ಳಿದ್ದೇವೆ. ಪಕ್ಕದ ಹೊಲದವನ ಬೋರೂ ಅದೇ ಸೆಲೆಯದಾಗಿದ್ದರೆ ಅವನಿಗೂ ನಷ್ಟ.

ಸುಲಭವಾಗಿ ಸಿಕ್ಕ ನೀರು ಏನು ಮಾಡುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ನಾರಾಯಣಪುರದ ಬಸವಸಾಗರದ ಕಾಲುವೆ ಬಂದ ಮೇಲೆ ನಮ್ಮ ಸೀಮೆ ಹಸಿರಾಯಿತು, ನಿಜ. ಆದರೆ ಎರೆ ಹೊಲಕ್ಕೆ ಮಿತಿಮೀರಿ ನೀರು ಹಾಯಿಸಿದ ಕಡೆ ಜವಳು ಹಿಡಿಯಿತು, ಸವಳು ಮೇಲೆದ್ದಿತು. ಅಂಥ ಹೊಲವನ್ನು ಮರಳಿ ಸರಿಪಡಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ರಾಜಸ್ಥಾನದವರು ಒಂದು ಜಾಣತನ ಮಾಡಿದರು. ಆಲಿವ್ ಎಂಬ ಎಣ್ಣೆಕಾಯಿಯ ಮರಗಳನ್ನು ಇಸ್ರೇಲಿನ ನೆರವಿನಿಂದ 2008ರ ಸುಮಾರಿಗೆ ಆ ಮರಳುಸೀಮೆಗೆ ತಂದಾಗ ಹನಿ ನೀರನ್ನೇ ಕೊಟ್ಟರು. ಆಲಿವ್ ನಮಗೆ ಒಗ್ಗುವ ಬೆಳೆಯೆಂದು ನಾನು ಹೇಳುತ್ತಿಲ್ಲ. ನಮಗೆ ತೊಗರಿ, ಹತ್ತಿ, ಮೆಣಸಿನಕಾಯಿ ಸಾಕು. ಮುಂದೆ ತೋಟಗಾರರಿಗೆ ಬಿಸಿಲಿನ ಪಂಪಿನ ಸಹಾಯಧನ ಕೊಡುವಾಗ, ಹೊಲದಲ್ಲಿ ನೀರಿನ ಹೊಂಡವೂ ಹನಿ ನೀರಾವರಿಯೂ ಇರಬೇಕೆಂದು ಅಲ್ಲಿನ ಸರಕಾರ ಷರತ್ತು ಹಾಕಿತು. ಅದು ನಮಗೂ ತಕ್ಕದ್ದು. ಗುಜರಾತಿನ ಢುಂಡಿ ಗ್ರಾಮದವರು 2016ರಲ್ಲಿ ಸಹಕಾರ ಸಂಘ ಕಟ್ಟಿ, ಪಂಪು ನಿಂತ ವೇಳೆಯ ವಿದ್ಯುತ್ತನ್ನು ವಿದ್ಯುತ್ ಕಂಪನಿಗೆ ಮಾರತೊಡಗಿದರು. ನೀರು ಉಳಿಸಿದರೆ ಅಲ್ಲಿ ಕಾಸು ಬರುತ್ತದೆ! ಇಲ್ಲಿಯೂ ಅಂಥ ಏರ್ಪಾಟಾದರೆ ಪಂಪನ್ನು ನಿಲ್ಲಿಸಿರೆಂದು ಯಾರೂ ಬಂದು ಹೇಳಬೇಕಾಗಿಲ್ಲ.

ನಮ್ಮಲ್ಲಿ 2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆಯಿಂದ ಕೃಷಿ ಹೊಂಡ ತೆಗೆಸಿದವರಿದ್ದಾರೆ. ಹೊಂಡದ ನೀರನ್ನು ಎತ್ತಲು ಸಣ್ಣ ಪಂಪು, ನಾಲ್ಕಾರು ಫಲಕ ಸಾಕು. ಆಳದ ಬೋರಿಗಿಂತ ಮೊದಲು ಅದನ್ನೇ ಯೋಚಿಸಿರಿ. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯ ಬಿ ಭಾಗದಲ್ಲಿ ಕೇಂದ್ರ 30, ರಾಜ್ಯ 50, ರೈತ 20 ಪಾಲು ಎಂದು ನಮ್ಮ ರಾಜ್ಯ ನಿಗದಿಮಾಡಿತ್ತು. ಈಗಿನ ನಿಯಮವನ್ನು ಜೆಸ್ಕಾಂ ಕಚೇರಿಯಲ್ಲಿ ಕೇಳಿಕೊಂಡೇ ಹಣ ಕಟ್ಟಿರಿ. ಮನೆ ಬಾಗಿಲಿಗೆ ಬಂದು ಮುಂಗಡ ಕೇಳುವವರಿಗೆ ಕೊಡಬೇಡಿರಿ.

ಪಂಪು ಕೂಡಿಸಿದವರು ಫಲಕಗಳ ಧೂಳನ್ನು ಬೆಳಗಿನ ತಂಪಿನಲ್ಲಿ ತೊಳೆಯಬೇಕು. ಮರದ ನೆರಳು ಬೀಳದಂತೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿಸಬೇಕು. ಅದಕ್ಕೂ ಮೊದಲು ಒಂದು ಕೆಲಸ. ತೆರೆದ ಬಾವಿಯುಳ್ಳವರು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೀರು ಎಷ್ಟು ಅಡಿಗೆ ಇದೆಯೆಂದು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಗೋಡೆಯ ಮೇಲೆ ಬರೆದಿಡಿರಿ. ಎರಡು ವರ್ಷದ ಲೆಕ್ಕ ಕೂಡಿದವರು ಅದನ್ನು ಇಂಥ ಸಭೆಗೆ ತಂದರೆ, ಯಾರ ಹೊಲಕ್ಕೆ ಎಷ್ಟು ಅಶ್ವಶಕ್ತಿ ಸಾಕೆಂದು ಕೂಡಿ ಕುಳಿತು ನೋಡೋಣ. ಈಗ ಕೇಳುವವರು ಕೇಳಬಹುದು.